ಟಿಂಕ್ಚರ್‌ಗೆ ಸ್ಪಿರಿಟ್ ಇಳಿಸುವ ಪುಟ್ಟ ಬಟ್ಟಿ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ಟಿಂಕ್ಚರ್ ಅಂದರೆ ಎಲೆ, ಬೇರು, ಅಂಟುಗಳ ಸಾರವನ್ನು ಆಲ್ಕೋಹಾಲಿನಲ್ಲಿ ಇಳಿಸಿದ್ದು. ಅದಕ್ಕೆ ಬೇಕಾದ ಸ್ಪಿರಿಟ್ ಇಳಿಸುವ ಈ ಯಂತ್ರ ನನ್ನ ಕೈಗೆ ಬಂದು ಮೂರು ವರ್ಷ ದಾಟಿತು. 40ಕ್ಕೂ ಹೆಚ್ಚು ಸಲ ಓಡಿಸಿದ್ದೇನೆ. ಕೊಂಡ ವಾರದಲ್ಲೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ, ಆರು ತಿಂಗಳಿಗೆ ಬರೆದಿದ್ದರೆ ಬರೀ ಬೈಯುತ್ತಿದ್ದೆ. ಈಗ ಎರಡನ್ನೂ ಸಮಾಧಾನವಾಗಿ ಹೇಳಬಹುದು ಅನ್ನಿಸುತ್ತದೆ.

ಮೊದಲು ಕಾನೂನಿನ ವಿಷಯ ಹೇಳಿಬಿಡುತ್ತೇನೆ. ಮನೆಯಲ್ಲಿ ಸ್ಪಿರಿಟ್ ಇಳಿಸುವುದು ಬಹಳಷ್ಟು ದೇಶಗಳಲ್ಲಿ ಪರವಾನಗಿ ಇಲ್ಲದಿದ್ದರೆ ಅಪರಾಧ. ಮನೆಯಲ್ಲೇ ಬಿಯರು, ವೈನು ಮಾಡಿಕೊಳ್ಳಲು ಬಿಡುವ ಎಷ್ಟೋ ಕಡೆಯೂ ಬಟ್ಟಿ ಇಳಿಸಲು ಬಿಡುವುದಿಲ್ಲ. ನ್ಯೂಜಿಲೆಂಡ್ 1996ರಲ್ಲಿ ಸ್ವಂತ ಬಳಕೆಗೆ ಅಂತ ಬಿಟ್ಟಿತು, ಆದರೆ ಅಂಥ ದೇಶಗಳು ಕಡಿಮೆ. ನಾನು ಪರವಾನಗಿ ಪತ್ರ ಕೈಗೆ ಬಂದ ಮೇಲೇ ಯಂತ್ರ ತರಿಸಿದ್ದು. ನಿಮಗೆ ಪರವಾನಗಿ ಸಿಗುವುದಿಲ್ಲ ಅಂದರೆ ಈ ಯಂತ್ರ ನಿಮಗಲ್ಲ. ತೆರಿಗೆ ಕಟ್ಟಿ ಮಾರುವ, ಸೇವನೆಗೆ ಯೋಗ್ಯವಾದ ಆಲ್ಕೋಹಾಲ್ ಕೊಂಡರೂ ಟಿಂಕ್ಚರ್ ಅಷ್ಟೇ ಚೆನ್ನಾಗಿ ಬರುತ್ತದೆ.

ಅಷ್ಟು ಗಟ್ಟಿ ಸ್ಪಿರಿಟ್ ಯಾಕೆ ಬೇಕು, ಅಂಗಡಿಯ 40 ಪರ್ಸೆಂಟಿನ ಬಾಟಲಿ ಸಾಲದೇ ಅಂತ ತುಂಬಾ ಜನ ಕೇಳುತ್ತಾರೆ. ಒಣಗಿದ ಎಲೆಗಾದರೆ ಎಷ್ಟೋ ಸಲ ಸಾಕು. ಆದರೆ ಹಸಿ ಎಲೆ ತೆಗೆದುಕೊಳ್ಳಿ. 100 ಗ್ರಾಂ ಹಸಿ ಪುದೀನದಲ್ಲಿ ಹೆಚ್ಚೂಕಡಿಮೆ 80 ಗ್ರಾಂ ನೀರೇ ಇರುತ್ತದೆ. ಅದಕ್ಕೆ 200 ಮಿಲಿ 40 ಪರ್ಸೆಂಟಿನದು ಹಾಕಿದರೆ ಒಳಗಿನ ನೀರೂ ಸೇರಿ ಕೊನೆಗೆ ಉಳಿಯುವುದು 28–29 ಪರ್ಸೆಂಟ್ ಅಷ್ಟೇ. ಎಲೆ ಕಪ್ಪಾಗುತ್ತದೆ, ವಾಸನೆ ಮಂಕಾಗುತ್ತದೆ. ಅದೇ ಎಲೆಗೆ 92 ಪರ್ಸೆಂಟಿನದು 200 ಮಿಲಿ ಹಾಕಿದರೆ ಕೊನೆಗೆ 65ರ ಹತ್ತಿರ ನಿಲ್ಲುತ್ತದೆ. ಬೋಳದಂಥ (ಮಿರ್ ಅನ್ನುವ ಮರದ ಅಂಟು) ಅಂಟುಗಳಿಗಂತೂ 90 ಬೇಕೇ ಬೇಕು, ಅವುಗಳಲ್ಲಿನ ರಾಳ ನೀರಲ್ಲಿ ಕರಗುವುದೇ ಇಲ್ಲ. ಹಾಗಂತ ಎಲ್ಲದಕ್ಕೂ ಗಟ್ಟಿಯೇ ಒಳ್ಳೆಯದು ಅಂತಲ್ಲ. ಲೋಳೆ ಇರುವ ಬೇರುಗಳಿಗೆ 25 ಪರ್ಸೆಂಟೇ ಸರಿ, ಜಾಸ್ತಿ ಆಲ್ಕೋಹಾಲ್ ಬಿದ್ದರೆ ಲೋಳೆ ಗಡ್ಡೆ ಕಟ್ಟಿ ಬೇರೆಯಾಗಿಬಿಡುತ್ತದೆ. ಗಟ್ಟಿ ಸ್ಪಿರಿಟ್ ಕೈಯಲ್ಲಿದ್ದರೆ ಬೇಕಾದಷ್ಟು ತೆಳುವಾಗಿಸಬಹುದು, ತೆಳುವನ್ನು ಬಟ್ಟಿ ಇಳಿಸದೆ ಗಟ್ಟಿ ಮಾಡಲಾಗದು. ನಾನು ಇದನ್ನು ಕೊಂಡಿದ್ದೇ ಅದಕ್ಕೆ.

ಯಂತ್ರದ ಅಂದಾಜು ಹೇಳುತ್ತೇನೆ. 10 ಲೀಟರಿನ ಸ್ಟೀಲ್ ಪಾತ್ರೆ, ಕೆಳಗೆ ಒಳಗೇ ಕೂತಿರುವ 1500 ವಾಟಿನ ಹೀಟರ್. ಮೇಲೆ 60 ಸೆಂಟಿಮೀಟರ್ ಎತ್ತರದ ನೆಟ್ಟನೆ ಕೊಳವೆ, ಅಂದರೆ ಕಾಲಮ್, ಅದರೊಳಗೆ ತುಂಬಲು ತಾಮ್ರದ ಜಾಲರಿ. ಅದರ ಮೇಲೆ ಆವಿಯನ್ನು ತಣ್ಣಗಾಗಿಸಲು ನೀರು ಹರಿಯುವ ಕಂಡೆನ್ಸರ್, ಒಂದು ಸಣ್ಣ ಸೂಜಿ ವಾಲ್ವ್, ತುದಿಯಲ್ಲಿ ಒಂದು ಮುಳ್ಳಿನ ಥರ್ಮಾಮೀಟರ್. ಪಾತ್ರೆ ದಪ್ಪವಾಗಿದೆ, ಬೆಸುಗೆ ನೀಟಾಗಿದೆ, ಮೂರು ವರ್ಷದಲ್ಲಿ ಒಂದು ಚುಕ್ಕೆ ತುಕ್ಕೂ ಇಲ್ಲ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಕೊಳ್ಳುವವರು ನೋಡಬೇಕಾದ್ದು ಪಾತ್ರೆಗಿಂತ ಆ ಕಾಲಮ್. ಬರೀ ಪಾತ್ರೆ, ಒಂದು ಮುಚ್ಚಳ, ಒಂದು ಕೊಳವೆ ಇರುವ ಯಂತ್ರಗಳು ಚಂದ ಕಾಣುತ್ತವೆ. ಆದರೆ 10 ಪರ್ಸೆಂಟಿನ ಹುದುಗು ರಸ ಹಾಕಿ ಒಮ್ಮೆ ಇಳಿಸಿದರೆ ಅವುಗಳಲ್ಲಿ ಸಿಗುವುದು 30–40ರ ಆಸುಪಾಸು. ಎರಡು ಸಲ, ಮೂರು ಸಲ ಇಳಿಸುತ್ತಾ ಹೋಗಬೇಕು. ಕಾಲಮ್ ಇದ್ದರೆ ಮೇಲೇರಿದ ಆವಿ ತಣ್ಣಗಾಗಿ ಜಾಲರಿಯ ಮೇಲೆ ಹನಿಯಾಗಿ ಕೆಳಗಿಳಿಯುತ್ತದೆ, ಕೆಳಗಿಂದ ಬರುವ ಬಿಸಿ ಆವಿ ಅದನ್ನು ಮತ್ತೆ ಎಬ್ಬಿಸುತ್ತದೆ. ಒಂದೇ ಕಾಲಮಿನೊಳಗೆ ಹಲವು ಸಲ ಬಟ್ಟಿ ಇಳಿಸಿದ ಹಾಗೆ. ನೀರು ಕೆಳಗೇ ಉಳಿಯುತ್ತದೆ, ಆಲ್ಕೋಹಾಲ್ ಮೇಲೆ ಸೇರುತ್ತದೆ. ಆದರೂ 100 ಪರ್ಸೆಂಟ್ ಯಾವತ್ತೂ ಬರುವುದಿಲ್ಲ. ತೂಕದಲ್ಲಿ 95.6 ಪರ್ಸೆಂಟ್ ಮುಟ್ಟಿದ ಮೇಲೆ ನೀರೂ ಆಲ್ಕೋಹಾಲೂ ಒಟ್ಟಿಗೇ ಆವಿಯಾಗುತ್ತವೆ, ಸಾಮಾನ್ಯ ಬಟ್ಟಿಯಲ್ಲಿ ಎಷ್ಟೇ ಹೆಣಗಿದರೂ ಅವು ಬೇರೆಯಾಗುವುದಿಲ್ಲ. ನನ್ನ ಯಂತ್ರದಲ್ಲಿ ಸಿಗುವುದು 91ರಿಂದ 92. ಡಬ್ಬಿಯ ಮೇಲೆ 95 ಅಂತ ಬರೆದಿತ್ತು. ಇಷ್ಟು ಸಲ ಓಡಿಸಿದರೂ 95 ನಾನು ಒಮ್ಮೆಯೂ ನೋಡಿಲ್ಲ.

ಮೊದಲ ಸಲ ಸಿಕ್ಕಿದ್ದು ಬರೀ 70. ನಾನು ಹೀಟರನ್ನು ಪೂರ್ತಿ ಬಿಟ್ಟಿದ್ದೆ, ಬೇಗ ಆಗಲಿ ಅಂತ. ಆವಿ ಎಷ್ಟು ರಭಸವಾಗಿ ಏರಿತು ಅಂದರೆ ಕೆಳಗಿಳಿಯಬೇಕಿದ್ದ ಹನಿಗಳೆಲ್ಲ ಕಾಲಮಿನಲ್ಲೇ ನಿಂತುಬಿಟ್ಟವು. ಒಳಗಿಂದ ಗುಳುಗುಳು ಸದ್ದು, ಕೊಳವೆಯಿಂದ ಉಕ್ಕಿ ಉಕ್ಕಿ ಬರುವುದು. ಈಗ ಮಾಡುವ ಕ್ರಮ ಬೇರೆ. ಬಿಸಿಯಾಗುವ ತನಕ ಮಾತ್ರ ಪೂರ್ತಿ ಶಾಖ, ಅದಕ್ಕೆ ಅರ್ಧ ಗಂಟೆ ಚಿಲ್ಲರೆ. ಆಮೇಲೆ ಅರ್ಧಕ್ಕೆ ಇಳಿಸಿ, ಹನಿ ತೆಗೆಯುವ ವಾಲ್ವ್ ಮುಚ್ಚಿ ಇನ್ನೊಂದು ಅರ್ಧ ಗಂಟೆ ಕಾಯುತ್ತೇನೆ. ಇಲ್ಲಿ ಒಂದು ಎಚ್ಚರಿಕೆ: ವಾಲ್ವ್ ಮುಚ್ಚಿದರೂ ಕಂಡೆನ್ಸರಿನ ಮೇಲ್ತುದಿ ಗಾಳಿಗೆ ತೆರೆದೇ ಇರುತ್ತದೆ, ಇರಲೇಬೇಕು. ಅದನ್ನು ಯಾವತ್ತೂ ಮುಚ್ಚಬಾರದು, ಒಳಗೆ ಒತ್ತಡ ಕಟ್ಟಿದರೆ ಪ್ರಾಣಕ್ಕೇ ಅಪಾಯ.

ಥರ್ಮಾಮೀಟರಿನ ಮುಳ್ಳು ಅಲುಗಾಡದೆ ನಿಂತ ಮೇಲೆ ವಾಲ್ವನ್ನು ಕೂದಲೆಳೆಯಷ್ಟು ತೆರೆಯುತ್ತೇನೆ. ಸೆಕೆಂಡಿಗೆ ಎರಡು ಹನಿ. ಗಟ್ಟಿ ಸ್ಪಿರಿಟಿನ ಹನಿ ನೀರಿನ ಹನಿಯ ಹಾಗಿರುವುದಿಲ್ಲ, ಅದರ ಅರ್ಧಕ್ಕಿಂತ ಚಿಕ್ಕದು, ತುದಿಯಲ್ಲಿ ತೂಗಾಡುತ್ತಾ ನಿಲ್ಲದೆ ತಟ್ಟನೆ ಜಾರಿಬಿಡುತ್ತದೆ. ಕೊನೆಗೊಮ್ಮೆ ಹನಿ ದಪ್ಪಗಾಗುತ್ತಾ ಬಂತು ಅಂದರೆ ನೀರು ಮೇಲೇರುತ್ತಿದೆ ಅಂತ ಗೊತ್ತಾಗಿಬಿಡುತ್ತದೆ, ಮಾಪಕ ನೋಡುವ ಮೊದಲೇ. ಈ ವೇಗದಲ್ಲಿ ಗಂಟೆಗೆ 150 ಮಿಲಿ ಬಂದರೆ ಹೆಚ್ಚು. ಒಂದು ಸಲ ಓಡಿಸಲು ಇಡೀ ದಿನ ಬೇಕು, ಮತ್ತು ಇಡೀ ದಿನ ಪಕ್ಕದಲ್ಲೇ ಕೂತಿರಬೇಕು. ಫೋನ್ ಬಂತು ಅಂತ ಎದ್ದು ಹೋಗುವ ಹಾಗಿಲ್ಲ.

ಈಗ ಬೇಜಾರಿನ ವಿಷಯ. ಮುಚ್ಚಳದ ಸುತ್ತ ಕೂರಿಸಲು ಬಿಳಿ ರಬ್ಬರಿನಂಥ ಗ್ಯಾಸ್ಕೆಟ್ ಕೊಟ್ಟಿದ್ದರು. ನಾಲ್ಕನೇ ಸಲ ಓಡಿಸಿ ಮುಚ್ಚಳ ತೆಗೆದಾಗ ಅದು ಉಬ್ಬಿ, ಅಂಚಿನಲ್ಲಿ ಅಂಟಂಟಾಗಿತ್ತು. ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆ ಸ್ಪಿರಿಟಿನಲ್ಲೇ ಮೂರು ಜಾಡಿ ಹಸಿ ಪುದೀನ ಹಾಕಿಟ್ಟೆ. ನಾಲ್ಕು ವಾರ ದಿನಾ ಅಲುಗಾಡಿಸಿ, ಸೋಸಿ, ನೀರಿಗೆ ಹತ್ತು ಹನಿ ಬಿಟ್ಟು ಬಾಯಿಗಿಟ್ಟರೆ ಪುದೀನದ ಹಿಂದೆಯೇ ಹೊಸ ಸೈಕಲ್ ಟ್ಯೂಬಿನ ವಾಸನೆ. ಮೂರೂ ಜಾಡಿ ಚೆಲ್ಲಿದೆ. ತುಂಬಾ ನೋವಾಯಿತು, ಆ ಎಲೆಗಳನ್ನು ನಾನೇ ಬೆಳೆದಿದ್ದೆ. ಮಾರಿದವರನ್ನು ಕೇಳಿದರೆ ಅದು ಆಹಾರಕ್ಕೆ ಬಳಸುವ ದರ್ಜೆಯದ್ದೇ ಅಂದರು. ಇರಬಹುದು. ಆದರೆ ಆಹಾರಕ್ಕೆ ಸರಿಯಾದದ್ದೆಲ್ಲ ಕುದಿಯುವ ಗಟ್ಟಿ ಆಲ್ಕೋಹಾಲಿನ ಆವಿಗೂ ಸರಿ ಅಂತ ಹೇಗೆ ಆಗುತ್ತದೆ? ಆ ಆವಿ ಬಹಳಷ್ಟು ಪ್ಲಾಸ್ಟಿಕ್ಕುಗಳಿಂದ ಏನಾದರೂ ಕಿತ್ತುಕೊಂಡು ಬರುತ್ತದೆ. ಈಗ ಪಿಟಿಎಫ್ಇ (ಟೆಫ್ಲಾನ್) ಗ್ಯಾಸ್ಕೆಟ್ ಹಾಕಿದ್ದೇನೆ, ಹನಿ ಬೀಳುವ ಕಡೆಯ ಪ್ಲಾಸ್ಟಿಕ್ ಪೈಪನ್ನೂ ತೆಗೆದು ಸ್ಟೀಲ್ ಕೊಳವೆ, ಗಾಜಿನ ಜಾಡಿ ಮಾಡಿಕೊಂಡಿದ್ದೇನೆ. ಆ ವಾಸನೆ ಮತ್ತೆ ಬಂದಿಲ್ಲ.

ಅಂದಿನಿಂದ ಒಂದು ಪರೀಕ್ಷೆ ತಪ್ಪಿಸಿಲ್ಲ. ಹೊಸ ಸ್ಪಿರಿಟ್ ಸ್ವಲ್ಪ ತೆಗೆದು ಸಮ ನೀರು ಬೆರೆಸಿ ಮೂಸುವುದು. ಗಟ್ಟಿಯಾಗಿದ್ದಾಗ ಮೂಗಿಗೆ ಬರೀ ಉರಿ, ಏನೂ ತಿಳಿಯುವುದಿಲ್ಲ. ನೀರು ಬಿದ್ದ ಕೂಡಲೇ ಅಡಗಿದ್ದ ವಾಸನೆಯೆಲ್ಲ ಮೇಲೆದ್ದು ಬರುತ್ತದೆ. ಬಿಳಿ ಮಬ್ಬು ಕಂಡರೆ ಟೇಲ್ಸಿನ, ಅಂದರೆ ಬಟ್ಟಿಯ ಕೊನೆಗೆ ಇಳಿಯುವ ಭಾಗದ, ಎಣ್ಣೆ ಸೇರಿಕೊಂಡಿದೆ ಅಂತ ಲೆಕ್ಕ, ಅದು ಮುಂದಿನ ಬಟ್ಟಿಗೆ ವಾಪಸ್.

ಥರ್ಮಾಮೀಟರೂ ಸರಿ ಇರಲಿಲ್ಲ. ಕುದಿಯುವ ನೀರಲ್ಲಿ, ನಂಬಿಕೆಯ ಇನ್ನೊಂದು ಥರ್ಮಾಮೀಟರಿನ ಜೊತೆ ಇಟ್ಟು ನೋಡಿದಾಗ 2 ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಆಲ್ಕೋಹಾಲ್ ಕುದಿಯುವುದು 78.4 ಡಿಗ್ರಿಗೆ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಆದರೆ ಅದು ಸಮುದ್ರ ಮಟ್ಟದ ಲೆಕ್ಕ, ಎತ್ತರದ ಜಾಗದಲ್ಲಿ ಕಡಿಮೆ ಬಿಸಿಗೇ ಕುದಿಯುತ್ತದೆ. ಅದಕ್ಕೇ ನಾನು ಅಂಕಿ ನೋಡುವುದಿಲ್ಲ, ಮುಳ್ಳು ನಿಂತಿದೆಯೋ ಏರುತ್ತಿದೆಯೋ ಅನ್ನುವುದನ್ನು ಮಾತ್ರ ನೋಡುತ್ತೇನೆ. ಅರ್ಧ ಡಿಗ್ರಿ ಏರಿದರೆ ಜಾಡಿ ಬದಲಾಯಿಸುತ್ತೇನೆ.

ಆಲ್ಕೋಹಾಲ್ ಮಾಪಕವನ್ನು ಬೇರೆಯಾಗಿ ಕೊಂಡಿದ್ದು. ಅದು 20 ಡಿಗ್ರಿಯಲ್ಲಿ ಮಾತ್ರ ಸರಿ ತೋರಿಸುತ್ತದೆ, ಬೆಚ್ಚಗಿನ ಸ್ಪಿರಿಟಿನಲ್ಲಿ ಮುಳುಗಿಸಿದರೆ ಇರುವುದಕ್ಕಿಂತ ಜಾಸ್ತಿ ಓದುತ್ತದೆ. ಆಗಷ್ಟೇ ಇಳಿದದ್ದನ್ನು ಅಳೆದು 95 ಬಂತು ಅಂತ ಸುಮ್ನೆ ಖುಷಿಪಡಬೇಡಿ. ನೀರು ಬೆರೆಸುವಾಗಲೂ ಒಂದು ವಿಷಯ ನೆನಪಿಡಿ. 50 ಮಿಲಿ ಆಲ್ಕೋಹಾಲಿಗೆ 50 ಮಿಲಿ ನೀರು ಹಾಕಿದರೆ 100 ಆಗುವುದಿಲ್ಲ, 96–97 ಆಗುತ್ತದೆ, ಎರಡೂ ಒಂದರೊಳಗೊಂದು ಸೇರಿಕೊಳ್ಳುತ್ತವೆ. 92ರ ಸ್ಪಿರಿಟ್ 500 ಮಿಲಿ ಇದ್ದು 60 ಮಾಡಬೇಕು ಅಂದರೆ ಅಳತೆಯ ಜಾಡಿಯಲ್ಲಿ ಸ್ಪಿರಿಟ್ ಹಾಕಿ, ಒಟ್ಟು 767ರ ಗೆರೆ ಮುಟ್ಟುವ ತನಕ ಬಟ್ಟಿ ಇಳಿಸಿದ ನೀರು ಹಾಕುತ್ತೇನೆ. ಬೆರೆಸಿದಾಗ ಬಿಸಿಯಾಗುತ್ತದೆ, ತಣ್ಣಗಾದ ಮೇಲೆ ಮತ್ತೊಮ್ಮೆ ಗೆರೆ ನೋಡಿ ಸರಿ ಮಾಡುತ್ತೇನೆ.

ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್ ಬಗ್ಗೆ ಎಲ್ಲರಿಗೂ ಭಯ, ಅದು ಇರಬೇಕಾದದ್ದೇ. ಆದರೆ ಮೊದಲು ಬಂದ ಹೆಡ್ಸ್ ಚೆಲ್ಲಿದರೆ ಮೆಥನಾಲ್ ಪೂರ್ತಿ ಹೋಗುತ್ತದೆ ಅನ್ನುವುದು ತಪ್ಪು. ಅದು 64.7 ಡಿಗ್ರಿಗೆ ಕುದಿಯುತ್ತದೆ ನಿಜ, ಆದರೆ ನೀರು, ಆಲ್ಕೋಹಾಲ್ ಜೊತೆ ಬೆರೆತಾಗ ಅಷ್ಟು ಸುಲಭವಾಗಿ ಬೇರೆಯಾಗಿ ಬರುವುದಿಲ್ಲ, ಇಡೀ ಬಟ್ಟಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಬರಬಹುದು. ಬರೀ ಸಕ್ಕರೆ, ಯೀಸ್ಟಿನ ಹುದುಗಿನಲ್ಲಿ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ. ಹಣ್ಣಿನ ಸಿಪ್ಪೆ, ತಿರುಳಿನ ಪೆಕ್ಟಿನ್‌ನಿಂದ ಹುಟ್ಟುತ್ತದೆ, ಹಾಗಾಗಿ ನಾನು ಸಕ್ಕರೆಯದ್ದು ಮಾತ್ರ ಮಾಡುತ್ತೇನೆ. ಹೆಡ್ಸನ್ನು ಚೆಲ್ಲುವುದು ಅಸಿಟಾಲ್ಡಿಹೈಡ್, ಉಗುರುಬಣ್ಣ ತೆಗೆಯುವ ದ್ರವದಂತೆ ನಾರುವ ಈಥೈಲ್ ಅಸಿಟೇಟ್, ಇವೆಲ್ಲ ಹೋಗಲಿ ಅಂತ. ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಸ್ಟೌವಿಗೆ, ಪಾಲಿಶಿಗೆ ಮಾರುವ ಡಿನೇಚರ್ಡ್ ಸ್ಪಿರಿಟನ್ನು ಬಟ್ಟಿ ಇಳಿಸಿ ಶುದ್ಧ ಮಾಡುತ್ತೇನೆ ಅಂತ ಯಾರೂ ಹೊರಡಬೇಡಿ. ಅದರಲ್ಲಿ ಬೆರೆಸಿರುವ ವಿಷ ಈ ಯಂತ್ರದಲ್ಲಿ ಹೋಗುವುದಿಲ್ಲ. ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ನನಗೆ ದಿನಾ ಇರುವ ಭಯ ಬೆಂಕಿಯದು. ಗಟ್ಟಿ ಸ್ಪಿರಿಟಿನ ಆವಿ 17 ಡಿಗ್ರಿಯ ತಣ್ಣನೆ ಹವೆಯಲ್ಲೂ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನು ಮುಟ್ಟುತ್ತದೆ. ಬೆಳಕಿದ್ದರೆ ಅದರ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಗ್ಯಾಸ್ ಒಲೆಯ ಮೇಲಿಡುವ ಯಂತ್ರವನ್ನು ನಾನು ಮುಟ್ಟುವುದೂ ಇಲ್ಲ. ಹೀಟರ್ ಒಳಗಿದ್ದರೂ ಎರಡೂ ಕಡೆ ಕಿಟಕಿ ತೆರೆದಿರುತ್ತೇನೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇಡುತ್ತೇನೆ, ತುಂಬಿದ ಜಾಡಿಯನ್ನು ಆಗಲೇ ಮುಚ್ಚಿ ಬೇರೆ ಕೋಣೆಗೆ ಒಯ್ಯುತ್ತೇನೆ. ಶುರುವಿಗೆ ತಣ್ಣನೆಯ ಸ್ಟೀಲ್ ಚಮಚವನ್ನು ಪ್ರತಿ ಕೀಲಿನ ಹತ್ತಿರ ಹಿಡಿಯುತ್ತೇನೆ, ಮಂಜು ಕಟ್ಟಿದರೆ ಅಲ್ಲಿ ಆವಿ ಸೋರುತ್ತಿದೆ ಅಂತ ಅರ್ಥ. ಎರಡು ಸಲ ಹಾಗೆ ಸೋರಿದ್ದು ಸಿಕ್ಕಿತ್ತು, ಎರಡೂ ಸಲ ಅಲ್ಲಿಗೇ ನಿಲ್ಲಿಸಿದೆ. ಕಂಡೆನ್ಸರಿನ ನೀರು ನಿಂತರೆ ಹೀಟರ್ ತಾನಾಗಿ ಆರುವ ವ್ಯವಸ್ಥೆ ಈ ಯಂತ್ರದಲ್ಲಿ ಇಲ್ಲ. ಇಷ್ಟು ಒಳ್ಳೆ ಪಾತ್ರೆ ಮಾಡಿದವರು ಅದೊಂದನ್ನು ಬಿಟ್ಟಿದ್ದಕ್ಕೆ ನನಗೆ ಈಗಲೂ ಸಿಟ್ಟಿದೆ.

ಶುಚಿ ಮಾಡುವುದು ಸುಲಭ. ತಾಮ್ರದ ಜಾಲರಿ ಗಂಧಕದ ಕೆಟ್ಟ ವಾಸನೆಯನ್ನು ಹಿಡಿದುಕೊಂಡು ಕಪ್ಪಾಗುತ್ತದೆ. ಬೆಚ್ಚಗಿನ ಸಿಟ್ರಿಕ್ ಆಸಿಡ್ ನೀರಲ್ಲಿ ನೆನೆಸಿದರೆ ಕಣ್ಣೆದುರೇ ಕಪ್ಪು ಕರಗಿ ಎಳೆ ಗುಲಾಬಿ ಬಣ್ಣ ಬರುತ್ತದೆ. ಹಸಿರು ಕಿಲುಬು ಕಂಡರೆ ಮಾತ್ರ ಉಜ್ಜಿ ತೆಗೆಯದೆ ಮುಂದೆ ಹೋಗಬೇಡಿ. ಹೀಟರಿನ ಮೇಲೆ ಯೀಸ್ಟ್ ಸುಟ್ಟು ಹಿಡಿಯುತ್ತದೆ, ರಸವನ್ನು ಎರಡು ದಿನ ತಂಗಿಸಿ ತಿಳಿ ಮಾತ್ರ ಹಾಕಿದರೆ ಆ ತಾಪತ್ರಯ ಇಲ್ಲ.

ಒಂದು ಸಲಕ್ಕೆ ಎಷ್ಟು ಸಿಗುತ್ತದೆ? 8 ಲೀಟರ್ ರಸದಲ್ಲಿ 10 ಪರ್ಸೆಂಟ್ ಅಂದರೆ 800 ಮಿಲಿ ಆಲ್ಕೋಹಾಲ್. ಹೆಡ್ಸ್, ಟೇಲ್ಸ್ ಕಳೆದು ನನಗೆ 550ರಿಂದ 600 ಮಿಲಿ ಒಳ್ಳೆಯದು ಉಳಿಯುತ್ತದೆ. ವರ್ಷಕ್ಕೆ ನಾಲ್ಕೈದು ಬಾಟಲಿ ಟಿಂಕ್ಚರ್ ಮಾಡುವವರಿಗೆ ಇಷ್ಟು ಕಷ್ಟ ಖಂಡಿತ ಬೇಡ, ಕೊಂಡುಬಿಡಿ. ಗಿಡ ಬೆಳೆಯುವವರು, ಪರವಾನಗಿ ಇರುವವರು, ದಿನವಿಡೀ ಒಂದು ಹನಿಯನ್ನು ನೋಡುತ್ತಾ ಕೂರಲು ಬೇಜಾರಿಲ್ಲದವರು ಆದರೆ ತೆಗೆದುಕೊಳ್ಳಿ. ಆದರೆ ಮೊದಲ ದಿನವೇ ಗ್ಯಾಸ್ಕೆಟ್ ಬದಲಾಯಿಸಿ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧ ಗ್ಯಾಸ್ಕೆಟ್ಟಿಗೆ ಹೋಯಿತು, ಒಂದು ತಾನಾಗಿ ಆರದ ಹೀಟರಿಗೆ.

ಕಳೆದ ವಾರ ಬೋಳದ ಟಿಂಕ್ಚರ್ ಸೋಸಿದೆ. 92ರಲ್ಲಿ ಮೂರು ವಾರ ಇದ್ದದ್ದು, ಗಾಢ ಜೇನಿನ ಬಣ್ಣ, ಒಂದಿಷ್ಟೂ ಮಬ್ಬಿಲ್ಲ. ಒಂದು ಲೋಟ ನೀರಿಗೆ ಐದು ಹನಿ ಬಿಟ್ಟೆ. ಹನಿ ಬಿದ್ದ ಕಡೆಯಿಂದ ಬಿಳಿ ಹೊಗೆಯಂತೆ ಇಳಿದು ಲೋಟವೆಲ್ಲ ಹಾಲಾಯಿತು. ನೀರಲ್ಲಿ ಕರಗದ ರಾಳ ಸ್ಪಿರಿಟಿಗೆ ಬಂದಿತ್ತು. ಮೂಸಿದೆ, ಬೋಳ ಬಿಟ್ಟು ಬೇರೆ ಯಾವ ವಾಸನೆಯೂ ಇರಲಿಲ್ಲ.