ಮೇಣದ ಕಾಗದವೋ, ಗಾಜೋ? ಹಂಪಿ ಬಿಸಿಲಲ್ಲಿ ಎರಡನ್ನೂ ಮಾಡಿ ನೋಡಿದೆ

50 ರೂಪಾಯಿ ನೋಟಿನ ಹಿಂದಿರುವ ಕಲ್ಲಿನ ರಥದ ನೆತ್ತಿ ಬೋಳು, ಅಲ್ವಾ? 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರವಿದೆ. ಅವನು ಬಳಸಿದ್ದು ಮೇಣದ ಕಾಗದದ ನೆಗೆಟಿವ್, ಅಂದರೆ ಬೆಳಕು-ನೆರಳು ತಿರುಗುಮುರುಗಾಗಿ ಮೂಡುವ ಮೂಲ ಚಿತ್ರ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಹಚ್ಚಿ ಫೋಟೊ ತೆಗೆಯುವ ವಿಧಾನ 1851ರಲ್ಲೇ ಬಂದಿತ್ತು. ಆದರೂ ಕಾಗದವೇ ಯಾಕೆ? ಎರಡನ್ನೂ ಮಾಡಿಯೇ ನೋಡೋಣ ಅಂತ ಏಪ್ರಿಲ್‌ನಲ್ಲಿ ಹೊರಟೆ. ಸ್ಮಾರಕಗಳ ಒಳಗೆ ಟ್ರೈಪಾಡ್‌ಗೆ ಅನುಮತಿ ಬೇಕು. ಹಾಗಾಗಿ ಆನೆಗೊಂದಿ ಕಡೆಯ ಬಂಡೆಗಳೇ ಗತಿ.

ಕಾಗದದ ತಯಾರಿ ಮನೆಯಲ್ಲೇ ಮುಗಿಯಿತು. ತೆಳು ಕಾಗದಕ್ಕೆ ಜೇನುಮೇಣ ಕುಡಿಸಿ, ಜಾಸ್ತಿಯಾದದ್ದನ್ನು ಇಸ್ತ್ರಿ ಹಾಕಿ ತೆಗೆಯಬೇಕು. ತಿಂಡಿ ಕಟ್ಟಿದ ಎಣ್ಣೆ ಕಾಗದದ ಹಾಗೆ ಬೆಳಕು ಬಿಡುತ್ತದೆ. ಆಮೇಲೆ ಅಯೋಡೈಡ್, ಕೊನೆಗೆ ಸಿಲ್ವರ್ ನೈಟ್ರೇಟ್; ಇವೆರಡು ಸೇರಿದರೆ ಕಾಗದ ಬೆಳಕಿಗೆ ಸ್ಪಂದಿಸುತ್ತದೆ. ಒಣಗಿಸಿ ಕತ್ತಲಲ್ಲಿಟ್ಟರೆ ಕೆಲವು ದಿನ ಕೆಡುವುದಿಲ್ಲ. ಬೆಳಕಿಗೆ ಒಡ್ಡಿದ್ದು ಆರು ನಿಮಿಷ. ರಾತ್ರಿ ಲಾಡ್ಜ್‌ನ ಬಚ್ಚಲಲ್ಲಿ ಚಿತ್ರ ಮೂಡಿಸುವ ಗ್ಯಾಲಿಕ್ ಆಮ್ಲದಲ್ಲಿ ಮುಳುಗಿಸಿ, ಊಟ ಮಾಡಿ ಬಂದೆ. ಬಂಡೆಗಳು ಆಗಷ್ಟೇ ಮಸುಕಾಗಿ ಮೂಡುತ್ತಿದ್ದವು.

ಗಾಜಿನದು ಬೇರೆಯೇ ಪಾಡು. ಕೊಲೋಡಿಯನ್ ಸುರಿದು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಚಿತ್ರ ತೆಗೆದು, ಡೆವಲಪ್ ಮಾಡುವುದೆಲ್ಲ ಪ್ಲೇಟ್ ಹಸಿಯಾಗಿರುವಾಗಲೇ ಆಗಬೇಕು. ಅಂದರೆ ಕಪ್ಪು ಡೇರೆ, ನೀರಿನ ಕ್ಯಾನು, ಬಾಟಲಿಗಳು ಎಲ್ಲವೂ ಬಂಡೆ ಹತ್ತಬೇಕು. ಕೊಲೋಡಿಯನ್‌ನಲ್ಲಿ ಈಥರ್ ಇದೆ. ಅದು 35 ಡಿಗ್ರಿಗೇ ಕುದಿಯುತ್ತದೆ. ನನ್ನ ಡೇರೆಯೊಳಗೆ ಅದಕ್ಕಿಂತ ಜಾಸ್ತಿಯೇ ಇತ್ತು. ಕಾದ ಕಾವಲಿ ಮೇಲೆ ದೋಸೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದಲ್ಲ, ಹಾಗೆ ಅದು ಗಾಜಿನ ಮೂಲೆ ಮುಟ್ಟುವ ಮೊದಲೇ ಗಟ್ಟಿಯಾಯಿತು. ಅದೇ ಕಾಲದಲ್ಲಿ ಈಜಿಪ್ಟ್‌ನಲ್ಲಿ ದೊಡ್ಡ ಗಾಜು ಹೊತ್ತು ತಿರುಗಿದ ಬ್ರಿಟಿಷ್ ಫೋಟೊಗ್ರಾಫರ್ ಫ್ರಾನ್ಸಿಸ್ ಫ್ರಿತ್‌ಗೂ ಕೊಲೋಡಿಯನ್ ಡೇರೆಯಲ್ಲಿ ಕುದಿದಿತ್ತು. ಐದು ಪ್ಲೇಟುಗಳಲ್ಲಿ ನನಗೆ ದಕ್ಕಿದ್ದು ಒಂದು.

ಆದರೆ ಆ ಒಂದು! ಮೂರೇ ಸೆಕೆಂಡಿನ ಚಿತ್ರದಲ್ಲಿ ಬಂಡೆಯ ಸಣ್ಣ ಬಿರುಕೂ, ಉಳಿಯ ಗುರುತೂ ಎಣಿಸುವಷ್ಟು ಸ್ಪಷ್ಟ. ಕಾಗದದಲ್ಲಿ ಅದೆಲ್ಲ ಅದರ ನಾರಿನಲ್ಲೇ ಕರಗಿಹೋಗಿತ್ತು. ಪ್ರಿಂಟ್ ಹಾಕಿದಾಗ ಆಕಾಶ ಮಾತ್ರ ಎರಡರಲ್ಲೂ ಬರೀ ಬಿಳಿ. ಎರಡೂ ನೀಲಿ ಬೆಳಕಿಗೇ ಜಾಸ್ತಿ ಸ್ಪಂದಿಸುತ್ತವೆ. ಎರಡು ಸಲವೂ ಕುರಿಮಂದೆ ಅಡ್ಡ ಬಂದಿತ್ತು. ಕಾಗದದಲ್ಲಿ ಅದರ ಸುಳಿವೇ ಇಲ್ಲ. ಗಾಜಿನಲ್ಲಿ ಕೆಲವು ಕುರಿಗಳಿಗೆ ಎರಡೆರಡು ತಲೆ.

ಕೆತ್ತನೆ ಬೇಕೆಂದರೆ ಗಾಜು, ಅದೂ ಡಿಸೆಂಬರ್ ಬೆಳಿಗ್ಗೆ. ಬೇಸಿಗೆಯಲ್ಲಿ ಒಬ್ಬನೇ ಹೋಗುವುದಾದರೆ ನಾನು ಗ್ರೀನ್‌ಲಾ ಪಕ್ಷ. ವಾಪಸ್ ಬರುವಾಗ ಕಾಗದಗಳು ಹಳೇ ಪೇಪರಿನ ನಡುವೆ ಸುಮ್ನೆ ಮಲಗಿದ್ದವು. ಟವೆಲ್‌ನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡಿದ್ದ ಪ್ಲೇಟಿನ ಮೂಲೆ ಬಸ್ಸಿನ ಕುಲುಕಾಟಕ್ಕೆ ಒಡೆದಿತ್ತು.