ಗಡಿಯಾರಕ್ಕೆ ನಾಲ್ಕು ಅಂಕ, ಸಹಾಯ ವಿಭಾಗಕ್ಕೆ ಒಂದೂ ಇಲ್ಲ: ಒಂದು ಫಿಟ್‌ನೆಸ್ ಆ್ಯಪ್‌ನೊಂದಿಗೆ 14 ತಿಂಗಳು

ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ವಾರಕ್ಕೆ ಮೂರು ದಿನ ಹತ್ತುವ ರೂಢಿ ನನ್ನದು. ಹತ್ತಿದ್ದಕ್ಕೆ ಲೆಕ್ಕವಿರಲಿ ಎಂಬ ಆಸೆಯಿಂದ 14 ತಿಂಗಳ ಹಿಂದೆ ಒಂದು ಫಿಟ್‌ನೆಸ್ ಗಡಿಯಾರವನ್ನೂ ಅದರ ಜೊತೆಗಿರುವ ಆ್ಯಪ್‌ನ ವಾರ್ಷಿಕ ಚಂದಾವನ್ನೂ ಕೊಂಡೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಅನುಭವ ಒಂದೇ ಕಂಪನಿಯ ಗ್ರಾಹಕರಿಗೆ ಮೀಸಲಾದದ್ದಲ್ಲವೆಂದು ನನ್ನ ಅನುಮಾನ.

ಮೊದಲು ಗಡಿಯಾರದ ಮಾತು, ಏಕೆಂದರೆ ಅದರ ಮೇಲೆ ನನಗೆ ಹೆಚ್ಚಿನ ದೂರಿಲ್ಲ. ಅದರ ತಳದಲ್ಲಿರುವ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಗ್ರಹಿಸಿ ನಾಡಿಬಡಿತವನ್ನು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಅಥವಾ ಚಳಿಗಾಲದ ಬೆಳಗ್ಗೆ ಕೈ ತಣ್ಣಗಿದ್ದರೆ ಎಣಿಕೆ ತಪ್ಪುತ್ತದೆ, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿಕೊಂಡರೆ ಸರಿಹೋಗುತ್ತದೆ. ಏರಿದ ಎತ್ತರವನ್ನು ಅದು ಗಾಳಿಯ ಒತ್ತಡದಿಂದ ಅಳೆಯುವುದರಿಂದ ಮೋಡ ಕವಿದ ದಿನಗಳಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಆ್ಯಪ್ ಮಾತ್ರ ಗರಿಷ್ಠ ನಾಡಿಬಡಿತಕ್ಕೆ 220ರಿಂದ ವಯಸ್ಸನ್ನು ಕಳೆಯುವ ಹಳೆಯ ಸೂತ್ರವನ್ನೇ ನಂಬಿ, 58 ವರ್ಷದ ನನಗೆ 162ರ ಮಿತಿ ಹಾಕಿ, ನಂದಿಯ ವಿಗ್ರಹದ ಹತ್ತಿರ ಬರುವಷ್ಟರಲ್ಲಿ ಪ್ರತಿದಿನವೂ ಕೆಂಪು ಎಚ್ಚರಿಕೆ ಕೊಡುತ್ತಿತ್ತು. ಅದು ಸರಾಸರಿಯ ಅಂದಾಜು, ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಿರುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಎಚ್ಚರಿಕೆಯನ್ನು ಆರಿಸಿಟ್ಟೆ.

ತೊಂದರೆ ಶುರುವಾದದ್ದು ಹನ್ನೊಂದನೆಯ ತಿಂಗಳಲ್ಲಿ. ಫೋನಿನ ತಂತ್ರಾಂಶವನ್ನು ನವೀಕರಿಸಿದ ಮರುದಿನದಿಂದ ಗಡಿಯಾರದ ದಾಖಲೆಗಳು ಆ್ಯಪ್‌ಗೆ ಬರುವುದು ನಿಂತಿತು. ಸಹಾಯ ವಿಭಾಗಕ್ಕೆ ಬರೆದೆ. ಮೊದಲು ಉತ್ತರಿಸಿದ್ದು ಯಂತ್ರ. ನನ್ನ ಪ್ರಶ್ನೆಯಲ್ಲಿದ್ದ ‘ಸಿಂಕ್’ (ಗಡಿಯಾರದ ದಾಖಲೆ ಆ್ಯಪ್‌ಗೆ ವರ್ಗವಾಗುವುದು) ಎಂಬ ಒಂದೇ ಪದವನ್ನು ಹಿಡಿದುಕೊಂಡು, ನಾನು ಆಗಲೇ ಓದಿ ಮುಗಿಸಿದ್ದ ಸಹಾಯಪುಟದ ಕೊಂಡಿಯನ್ನು ಮೂರು ಸಲ ಕಳುಹಿಸಿತು. ನಾಲ್ಕನೆಯ ದಿನ ಮನುಷ್ಯರೊಬ್ಬರ ಹೆಸರಿದ್ದ ಉತ್ತರ ಬಂದಿತು: ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ, ಆಗದಿದ್ದರೆ ಗಡಿಯಾರವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿ. ಹೇಳಿದಂತೆಯೇ ಮಾಡಿದೆ.

ಆ್ಯಪ್‌ಗೆ ಇನ್ನೂ ವರ್ಗವಾಗದ ದಾಖಲೆಗಳು ಗಡಿಯಾರದ ನೆನಪಿನಲ್ಲಿ ಮಾತ್ರ ಇರುತ್ತವೆ. ಅದನ್ನು ಮೊದಲ ಸ್ಥಿತಿಗೆ ಮರಳಿಸಿದರೆ ಅವೆಲ್ಲ ಅಳಿಸಿಹೋಗುತ್ತವೆ. ಇದು ನನಗೆ ತಿಳಿದಿರಲಿಲ್ಲ, ಆದರೆ ಸಲಹೆ ಕೊಟ್ಟವರಿಗೆ ತಿಳಿದಿರಲೇಬೇಕಿತ್ತು. ಒಂಬತ್ತು ದಿನಗಳ ನಡಿಗೆಯೂ, ವರ್ಷದಲ್ಲಿ ಮೊದಲ ಬಾರಿಗೆ ಎಲ್ಲಿಯೂ ಕೂರದೆ ಸಾವಿರ ಮೆಟ್ಟಿಲು ಹತ್ತಿದ ಆ ಭಾನುವಾರವೂ ಹಾಗೆ ಹೋದವು. ಸಿಂಕ್ ಮಾತ್ರ ಆಗಲೇ ಇಲ್ಲ. ದಾಖಲೆ ಹೋಯಿತೆಂದು ಬರೆದರೆ, ‘ನಿಮ್ಮ ಸಮಸ್ಯೆ ಬಗೆಹರಿದಿದೆಯೆಂದು ಭಾವಿಸಿ ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಉತ್ತರ ಬಂದಿತು. ಮತ್ತೆ ಹೊಸ ದೂರು, ಹೊಸ ಸಂಖ್ಯೆ, ಹೊಸ ಮನುಷ್ಯ, ಮತ್ತದೇ ಸಲಹೆ. ಹಿಂದಿನ ಪತ್ರವನ್ನು ಯಾರೂ ಓದಿರಲಿಲ್ಲ.

ಕೊನೆಗೆ ದೇವರಾಜ ಅರಸು ರಸ್ತೆಯ ಒಂದು ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಫೋನನ್ನು ಕೈಗೆ ತೆಗೆದುಕೊಂಡು ಎರಡು ನಿಮಿಷ ನೋಡಿ, “ಸರ್, ನಿಮ್ ವಾಚ್ ಚೆನ್ನಾಗೇ ಇದೆ, ಫೋನೇ ಆ್ಯಪ್‌ನ ಮಲಗಿಸ್ಬಿಟ್ಟಿದೆ” ಎಂದ. ನವೀಕರಣದ ನಂತರ ಬ್ಯಾಟರಿ ಉಳಿಸುವ ವ್ಯವಸ್ಥೆಯು ಆ್ಯಪ್ ಹಿನ್ನೆಲೆಯಲ್ಲಿ ಕೆಲಸ ಮಾಡದಂತೆ ತಡೆದಿತ್ತು. ಆ ತಡೆಯನ್ನು ತೆಗೆದು, ಬ್ಲೂಟೂತ್‌ಗೆ ಬೇಕಾದ ‘ಹತ್ತಿರದ ಸಾಧನಗಳು’ ಅನುಮತಿಯನ್ನೂ ಕೊಟ್ಟ ಕೂಡಲೇ ಸಿಂಕ್ ಆಯಿತು. ಹುಡುಗ ದುಡ್ಡು ತೆಗೆದುಕೊಳ್ಳಲಿಲ್ಲ. ನಾನೇ ಬಲವಂತವಾಗಿ ಒಂದು ಚಾರ್ಜರ್ ಕೊಂಡು ಬಂದೆ. ಆಂಡ್ರಾಯ್ಡ್ ಫೋನುಗಳಲ್ಲಿ ಇಷ್ಟು ಸಾಮಾನ್ಯವಾದ ಕಾರಣವನ್ನು ಐದು ವಾರಗಳಲ್ಲಿ ಆರು ಮಂದಿ ಸಹಾಯಕರ ಪೈಕಿ ಒಬ್ಬರೂ ವಿಚಾರಿಸಿರಲಿಲ್ಲ.

ಈ ನಡುವೆ ಚಂದಾ ನವೀಕರಣದ ದಿನವೂ ಬಂದಿತ್ತು. ಹಣ ಕಡಿತವಾಗಲಿದೆ ಎಂಬ ಮುನ್ಸೂಚನೆಯನ್ನು ನೋಡಿ ರದ್ದುಪಡಿಸಿರೆಂದು ಬರೆದರೆ, ಆ್ಯಪ್‌ನಲ್ಲಿಯೇ ರದ್ದುಪಡಿಸಬೇಕೆಂದರು. ಆ್ಯಪ್‌ನಲ್ಲಿ ನೋಡಿದರೆ, ಗಡಿಯಾರ ಜೋಡಣೆಯಾಗದ ಹೊರತು ಆ ಪುಟವೇ ತೆರೆಯುತ್ತಿರಲಿಲ್ಲ. 2,499 ರೂಪಾಯಿ ಹೋಯಿತು. ಹಣ ತಾನಾಗಿಯೇ ಕಡಿತವಾಗಲು ನಾವು ಕೊಟ್ಟಿರುವ ಇಂಥ ಆಟೋಪೇ ಒಪ್ಪಿಗೆಯನ್ನು ಕಂಪನಿಯ ಹಂಗಿಲ್ಲದೆ ನಮ್ಮ ಯುಪಿಐ ಆ್ಯಪ್‌ನಲ್ಲಿಯೇ ರದ್ದುಪಡಿಸಬಹುದೆಂದು ಆಗ ನನಗೆ ಗೊತ್ತಿರಲಿಲ್ಲ, ಗೊತ್ತಾದ ದಿನವೇ ರದ್ದುಪಡಿಸಿದೆ. ನಂತರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದೆಯೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಎರಡನೆಯ ವಾರವೂ ಮೌನವೇ ಇದ್ದುದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಹಳೆಯ ದೂರುಗಳ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಓದಿಸಿ ದಾಖಲಿಸಿದೆ. ಅದಾದ ಹನ್ನೊಂದನೆಯ ದಿನ ಹಣ ಮರಳಿ ಬಂದಿತು; ಅಳಿಸಿಹೋದ ದಾಖಲೆಗಳ ಬಗ್ಗೆ ಒಂದು ಸಾಲೂ ಬರಲಿಲ್ಲ.

ಕೊಳ್ಳುವ ಆಲೋಚನೆಯಲ್ಲಿರುವವರು ಹಣ ಕೊಡುವ ಮೊದಲು ಎರಡು ಸಂಗತಿಗಳನ್ನು ನೋಡಿಕೊಳ್ಳಲಿ: ಎಲ್ಲ ದಾಖಲೆಗಳನ್ನು ಒಟ್ಟಿಗೆ ಇಳಿಸಿಕೊಳ್ಳುವ ಅವಕಾಶವಿದೆಯೇ ಮತ್ತು ಚಂದಾ ಇಲ್ಲದೆ ಗಡಿಯಾರ ಎಷ್ಟು ಕೆಲಸ ಮಾಡುತ್ತದೆ. ಈ ಆ್ಯಪ್‌ನಲ್ಲಿ ಒಂದು ಸಲಕ್ಕೆ ಒಂದೇ ದಿನದ ನಡಿಗೆಯನ್ನು ಇಳಿಸಿಕೊಳ್ಳಲು ಸಾಧ್ಯ. ಉಳಿದಿದ್ದ ಹತ್ತು ತಿಂಗಳನ್ನು ಹಾಗೆ ಇಳಿಸಿಕೊಳ್ಳಲು ನನಗೆ ನಾಲ್ಕು ಸಂಜೆ ಹಿಡಿಯಿತು. ಗಡಿಯಾರ ಈಗಲೂ ಕೈಯಲ್ಲಿದೆ, ಚಂದಾ ಇಲ್ಲದೆಯೂ ಮೆಟ್ಟಿಲುಗಳನ್ನು ಎಣಿಸುತ್ತಿದೆ.