ನಾಲ್ಕು ವರ್ಷದಿಂದ ಎ.ಎ. ಮೀಟಿಂಗಿಗೆ ಹೋಗುತ್ತಿದ್ದೇನೆ: ನನ್ನ ಅನುಭವ

ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ. ಬೆಂಗಳೂರಿನಲ್ಲಿ ಅದರ ಮೀಟಿಂಗಿಗೆ ನಾಲ್ಕು ವರ್ಷ ಮೂರು ತಿಂಗಳಿಂದ ಹೋಗುತ್ತಿದ್ದೇನೆ, ಈಗಿರುವುದು ಒಂದು ಕನ್ನಡ ಗುಂಪಿನಲ್ಲಿ. ಮೊದಲ ಐದು ತಿಂಗಳಲ್ಲಿ ಎರಡು ಸಲ ಜಾರಿ ಮತ್ತೆ ಕುಡಿದೆ. ಆಮೇಲೆ ಇವತ್ತಿನವರೆಗೂ ಕುಡಿದಿಲ್ಲ. ತಮಗಾಗಿಯೋ ಮನೆಯವರಿಗಾಗಿಯೋ ಗುಂಪು ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್ ಆಪರೇಟರ್. ಬಿಡಬೇಕು ಅಂತ ಎಷ್ಟು ಸಲ ಒದ್ದಾಡಿದ್ದೇನೋ ಲೆಕ್ಕವಿಲ್ಲ. ಅಯ್ಯಪ್ಪನ ಮಾಲೆ ಹಾಕಿದರೆ ವ್ರತ ಮುಗಿಯುವವರೆಗೆ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಬಾರಿನಲ್ಲಿರುತ್ತಿದ್ದೆ. ಅಮ್ಮನ ತಲೆ ಮುಟ್ಟಿ ಆಣೆ ಮಾಡಿದ್ದೂ ಆಯಿತು. ಕೊನೆಗೆ ಹೆಂಡತಿ ಯಾರದೋ ಮಾತು ಕೇಳಿ, ನನಗೆ ಗೊತ್ತಾಗದ ಹಾಗೆ ಸಾರಿಗೆ ಮಾತ್ರೆ ಪುಡಿ ಮಾಡಿ ಬೆರೆಸಿದಳು. ಅವತ್ತು ಕುಡಿದ ಮೇಲೆ ಮುಖ ಕೆಂಪೇರಿ, ಎದೆ ಡವಡವ ಹೊಡೆದುಕೊಂಡು, ವಾಂತಿ ನಿಲ್ಲಲೇ ಇಲ್ಲ. ಆ ಮಾತ್ರೆಯ ಹೆಸರು ಡೈಸಲ್ಫಿರಾಂ. ವೈದ್ಯರು ಹೇಳಿ, ಕುಡಿಯುವವನೇ ಒಪ್ಪಿ ತೆಗೆದುಕೊಳ್ಳಬೇಕಾದ ಔಷಧ ಅದು. ಗುಟ್ಟಾಗಿ ಕೊಟ್ಟರೆ ಜೀವಕ್ಕೇ ಅಪಾಯ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ದಿನಾ ಕುಡಿಯುವವರು ಹಠಕ್ಕೆ ಬಿದ್ದು ಒಂದೇ ಏಟಿಗೆ ನಿಲ್ಲಿಸುವುದೂ ಅಪಾಯವೇ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸಬಹುದು. ಮೊದಲು ಡಾಕ್ಟರು, ಆಮೇಲೆ ಮೀಟಿಂಗು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗುಂಪು ಹುಡುಕಿದ ಕಥೆ. ಮೊದಲು ಹೋದದ್ದು ಇಂಗ್ಲಿಷ್ ಮೀಟಿಂಗಿಗೆ. ಅವರು ಹೇಳಿದ್ದೆಲ್ಲ ಅರ್ಥವಾಯಿತು, ಆದರೆ ನನ್ನ ಸರದಿ ಬಂದಾಗ ಬಾಯಿಂದ ಎರಡು ಮಾತು ಹೊರಡಲಿಲ್ಲ. ಮಗಳ ಫೀಸಿನ ದುಡ್ಡು ಕುಡಿದು ಮುಗಿಸಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ಎರಡನೇ ಸಲ, ಪರಿಚಯದವರು ಬರೆದುಕೊಟ್ಟ ಹಳೆಯ ವಿಳಾಸ ಹಿಡಿದು ಹೋದರೆ ಗೇಟಿಗೆ ಬೀಗ. ಎದುರಿಗೇ ಬಾರ್ ಇತ್ತು. ಒಳಗೆ ಹೋದೆ. ಅದೇ ನನ್ನ ಮೊದಲ ಸ್ಲಿಪ್. ಹೊರಡುವ ಮುಂಚೆ ಫೋನ್ ಮಾಡಿ ಜಾಗ, ಸಮಯ, ಭಾಷೆ ಮೂರನ್ನೂ ಖಾತ್ರಿ ಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಮೂರನೆಯದು ಈಗಿನ ಗುಂಪು. ಶಾಲೆಯೊಂದರ ಕೋಣೆ, ಒಂದನೇ ಕ್ಲಾಸಿನ ಮಕ್ಕಳ ಗಿಡ್ಡ ಬೆಂಚುಗಳು. ಹಿರಿಯರೊಬ್ಬರು ಎಲ್ಲರಿಗೂ ಲೋಟದ ತುಂಬ ಚಹಾ ಕೊಟ್ಟು ನನಗೆ ಮಾತ್ರ ಅರ್ಧ ಲೋಟ ಕೊಟ್ಟರು. ಮನಸ್ಸಿಗೆ ಚುಚ್ಚಿತು. ಕುಡಿದು ಮುಗಿಸಿದ ಕೂಡಲೇ ಬಂದು ಇನ್ನರ್ಧ ಹಾಕಿದರು. ಆಗ ಹೊಳೆಯಿತು. ನನ್ನ ಕೈ ಹೇಗೆ ನಡುಗುತ್ತಿತ್ತೆಂದರೆ, ತುಂಬಿದ ಲೋಟವಾಗಿದ್ದರೆ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದೆ. ಅದು ಅವರಿಗೆ ಮೊದಲೇ ಗೊತ್ತಿತ್ತು. ಅವತ್ತು ನಾನೇನೂ ಮಾತಾಡಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ.

ಎ.ಎ.ಯ ಜೀವವಿರುವುದು ಅಲ್ಲೇ, ಒಬ್ಬ ಕುಡುಕನ ಪಾಡು ಇನ್ನೊಬ್ಬ ಕುಡುಕನಿಗೆ ಗೊತ್ತಿರುವುದರಲ್ಲಿ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರುಪೇಟೆಯ ಒಬ್ಬರೂ ಶಸ್ತ್ರವೈದ್ಯರೊಬ್ಬರೂ, ಇಬ್ಬರೂ ಕುಡುಕರೇ, ಎದುರುಬದುರು ಕೂತು ತಮ್ಮ ಪಾಡು ಹೇಳಿಕೊಂಡದ್ದರಿಂದ ಇದು ಹುಟ್ಟಿತು. ನಮ್ಮ ಕೋಣೆಯಲ್ಲಿ ಆಟೋ ಓಡಿಸುವವರಿದ್ದಾರೆ, ನಿವೃತ್ತ ಬ್ಯಾಂಕ್ ಮ್ಯಾನೇಜರಿದ್ದಾರೆ. ಒಬ್ಬರು ಹೇಳುವಾಗ ಮಿಕ್ಕವರು ಕೇಳುತ್ತಾರೆ, ನಡುವೆ ಬಾಯಿ ಹಾಕುವುದಿಲ್ಲ. ಫೀಸು, ಹಾಜರಿ ಪುಸ್ತಕ ಇಲ್ಲ, ಪೂರ್ತಿ ಹೆಸರೂ ಕೇಳುವುದಿಲ್ಲ. ಬಾಡಿಗೆ, ಚಹಾದ ಖರ್ಚಿಗೆ ಒಂದು ಚೀಲ ಸುತ್ತು ಬರುತ್ತದೆ. ಇದ್ದವರು ಹಾಕುತ್ತಾರೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಕೆಲವು ಮೀಟಿಂಗು ಚರ್ಚಿನ ಕೋಣೆಯಲ್ಲಿ ನಡೆಯುತ್ತವೆ ಅಂತ ನಮ್ಮ ಅತ್ತೆ ಹೆದರಿದ್ದರು. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತಿದೆ ನಿಜ, ಆದರೆ ಅವರವರು ತಿಳಿದಂತೆ ಅವರವರ ದೇವರು. ನಮ್ಮಲ್ಲಿ ನಾಸ್ತಿಕರೊಬ್ಬರಿದ್ದಾರೆ, ಅವರಿಗೆ ಆ ಗುಂಪೇ ದೊಡ್ಡ ಶಕ್ತಿ.

ನನಗೊಂದು ಕೊರಗಿದೆ. ಒಮ್ಮೆ ಒಬ್ಬ ತಾಯಿ ಬಂದಿದ್ದರು. ಸುತ್ತ ಬರೀ ಗಂಡಸರು. ಕೊನೆಯ ಬೆಂಚಿನಲ್ಲಿ ಸೆರಗು ಹಿಡಿದು ಕೂತಿದ್ದು ಎದ್ದು ಹೋದರು, ಮತ್ತೆ ಬರಲಿಲ್ಲ. ಅವತ್ತು ನಾನಾದರೂ ಎದ್ದು ಮಾತಾಡಿಸಬೇಕಿತ್ತು.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ. "ಕುಡಿದಿದ್ದು ನೀವು, ನಾನ್ಯಾಕೆ ಹೋಗ್ಲಿ?" ಅಂತಿದ್ದ ನನ್ನ ಹೆಂಡತಿ ಈಗ ಎರಡು ವರ್ಷದಿಂದ ಹೋಗುತ್ತಿದ್ದಾಳೆ. ರಾತ್ರಿ ನಾನು ಬಂದಾಗ ಬಾಯಿ ವಾಸನೆ ನೋಡುವುದು ನಿಂತಿದೆ. ಹಳ್ಳಿ ಕಡೆಯವರು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ವಿಚಾರಿಸಿ. ಶಿಬಿರ ಮುಗಿಸಿದವರು ಮುಂದೆಯೂ ಸೇರಲು ನವಜೀವನ ಸಮಿತಿಗಳಿವೆ.

ಸಂಬಳದ ದಿನ ನನಗೆ ಈಗಲೂ ಕಷ್ಟ. ಪ್ರೆಸ್ಸಿನಿಂದ ಹೊರಡುವ ಮೊದಲು ಸ್ಪಾನ್ಸರ್ ಅಣ್ಣನಿಗೆ, ಅಂದರೆ ಗುಂಪಿನಲ್ಲಿ ನನ್ನ ಕೈ ಹಿಡಿದು ನಡೆಸುವ ಹಳೆಯ ಸದಸ್ಯರಿಗೆ, ಫೋನ್ ಮಾಡುತ್ತೇನೆ. ಅವರು ಕುಡಿತದ ಮಾತೇ ಎತ್ತುವುದಿಲ್ಲ. "ಏನಾದ್ರೂ ತಿಂದ್ಯೇನಪ್ಪಾ?" ಅಂತಾರೆ. ಹಸಿದ ಹೊಟ್ಟೆಗೆ ಎಣ್ಣೆಯ ನೆನಪು ಜಾಸ್ತಿ ಅಂತ ಅವರಿಗೆ ಗೊತ್ತು. ಇಲ್ಲ ಅಂದರೆ, "ಹೋಗಿ ಎರಡು ಇಡ್ಲಿ ತಿನ್ನು, ಆಮೇಲೆ ಇನ್ನೊಂದ್ಸಲ ಫೋನ್ ಮಾಡು" ಅಂತಾರೆ. ತಿಂದು, ಫೋನ್ ಮಾಡಿ, ಬಸ್ಸು ಹತ್ತುತ್ತೇನೆ.